ಅಕ್ಷರಗಳ ಹೆಸರು

ಲೋಕದಲ್ಲಿ ಮನುಷ್ಯನಿಗೆ ಹೆಸರುಂಟು, ಊರಿಗೆ ಹೆಸರುಂಟು. ಹೊಲಗದ್ದೆಗಳಿಗೂ ಹಳ್ಳಕೊಳ್ಳಗಳಿಗೂ ಹೆಸರುಂಟು. ಈ ಹೆಸರುಗಳನ್ನೆಲ್ಲ ಬರೆದಿಡಲು ನೆರವಾಗುವ ಅಕ್ಷರಗಳಿಗೂ ಹೆಸರುಂಟೆ? ‘ಕ’ ಎಂಬ ಅಕ್ಷರದ ಹೆಸರು ‘ಕ’ ತಾನೆ ಎಂದು ನಾವು ಥಟ್ಟನೆ ಉತ್ತರ ಕೊಡಬಹುದು. ಈ ಉತ್ತರ ತಪ್ಪಲ್ಲ, ಆದರೆ ಪೂರ್ಣವಾದುದೂ ಅಲ್ಲ. ಒಂದನೆಯ ತರಗತಿಯಲ್ಲಿ ನಾವು ಕಾಗುಣಿತವನ್ನು ರಾಗವಾಗಿ ಹೇಳಿ ಕಲಿತೆವು. ‘ಕ ತಲೆಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ, ಕ ಕೊಂಬು ಕು’ ಎಂದು ಅಂದು ಬಾಯಿಪಾಠ ಮಾಡಿದ ಮಾತುಗಳೆಲ್ಲ ಹೆಸರುಗಳೇ. ಅವುಗಳ ಅರ್ಥವೇನೆಂದು ಆಗ ನಾವು ಕೇಳಲಿಲ್ಲ. ಓದಲು ಬಂದ ಮೇಲೆ ಆ ಹೆಸರುಗಳನ್ನೇ ಮರೆತೆವು. ಆದರೆ ಆ ಹೆಸರುಗಳಲ್ಲಿ ನಮ್ಮ ಲಿಪಿಯ ಸಾವಿರಾರು ವರ್ಷಗಳ ಚರಿತ್ರೆ ಅಡಗಿದೆ.

ನಮ್ಮ ಅಕ್ಷರಗಳಿಗೆ ಎರಡು ಬಗೆಯ ಹೆಸರುಗಳಿವೆ. ಮೊದಲನೆಯವು ಶಾಸ್ತ್ರಕಾರರು ಇಟ್ಟವು. ಅಕ್ಷರದ ಮುಂದೆ ‘ಕಾರ’ ಎಂಬುದನ್ನು ಸೇರಿಸಿ ಅಕಾರ, ಕಕಾರ, ಮಕಾರ ಎಂದು ಹೇಳುವುದು ಸಂಸ್ಕೃತ ವೈಯಾಕರಣರ ಪದ್ಧತಿ. ಈ ನಿಯಮಕ್ಕೆ ‘ರ’ ಎಂಬ ಅಕ್ಷರ ಮಾತ್ರ ಒಂದು ಅಪವಾದ. ಅದಕ್ಕೆ ‘ಇಫ’ ಎಂಬ ಪ್ರತ್ಯಯ ಹತ್ತಿ ‘ರೇಫ’ ಎಂಬ ಹೆಸರಾಗುತ್ತದೆ. ಅನುಸ್ವಾರ ಎಂದರೆ ಸ್ವರವನ್ನು ಅನುಸರಿಸಿ ಬರುವ ಧ್ವನಿ. ವಿಸರ್ಗ ಎಂದರೆ ಉಸಿರನ್ನು ಹೊರಕ್ಕೆ ಬಿಡುವುದು. ಈ ಹೆಸರುಗಳೆಲ್ಲ ಅಕ್ಷರದ ಧ್ವನಿಯನ್ನು ಕುರಿತವು. ಎರಡನೆಯವು ಊರ ಮಠಗಳಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿಸಿದ ಅಯ್ಯಗಳು ಬಳಸಿದವು. ತಲೆಕಟ್ಟು, ಗುಡಿಸು, ಕೊಂಬು, ಸುಳಿ, ಸೊನ್ನೆ ಎಂಬ ಈ ಹೆಸರುಗಳು ಅಕ್ಷರದ ಆಕಾರವನ್ನು ಕುರಿತವು. ಶಾಸ್ತ್ರಕಾರನ ಹೆಸರು ಕಿವಿಗೆ ತಿಳಿಯುವುದನ್ನು ಹೇಳಿದರೆ, ಅಯ್ಯಗಳ ಹೆಸರು ಕಣ್ಣಿಗೆ ಕಾಣುವುದನ್ನು ಹೇಳುತ್ತದೆ.

ಚಿಕ್ಕಮಗಳೂರು ಜಿಲ್ಲೆಯ ಮೂರು ಊರುಗಳ ಹೆಸರನ್ನು ಬರೆದು ನೋಡಿದರೆ ಈ ಎರಡನೆಯ ಬಗೆಯ ಹೆಸರುಗಳ ಪರಿಚಯ ಸುಲಭವಾಗಿ ಆಗುತ್ತದೆ. ಆ ಊರುಗಳು ಕಡೂರು, ತರೀಕೆರೆ ಮತ್ತು ಅಜ್ಜಂಪುರ. 1947ರವರೆಗೂ ಜಿಲ್ಲೆಗೇ ಕಡೂರಿನ ಹೆಸರಿತ್ತು. ಅಜ್ಜಂಪುರವು ಬಹುಕಾಲ ತರೀಕೆರೆ ತಾಲ್ಲೂಕಿನಲ್ಲಿದ್ದು ಈಚೆಗೆ ತಾನೇ ಒಂದು ತಾಲ್ಲೂಕಿನ ಕೇಂದ್ರವಾಯಿತು.

ಮೊದಲು ಕಡೂರನ್ನು ನೋಡೋಣ. ಇದರ ಮೊದಲಕ್ಷರ ‘ಕ’. ಅದರ ನೆತ್ತಿಯ ಮೇಲೆ ಒಂದು ಸಣ್ಣ ಗೆರೆಯಿದೆ. ರೈತನು ತಲೆಗೆ ವಸ್ತ್ರವನ್ನು ಸುತ್ತಿದಂತೆ ಕಾಣುವ ಈ ಗೆರೆಯೇ ತಲೆಕಟ್ಟು. ಅಕಾರದ ಗುರುತೂ ಅದೇ. ಜ, ಟ, ಣ, ಬ, ಲ ಮೊದಲಾದ ಕೆಲವು ಅಕ್ಷರಗಳಿಗೆ ಈ ಗೆರೆಯಿಲ್ಲ. ಆದರೂ ಮಕ್ಕಳು ‘ಜ ತಲೆಕಟ್ಟು ಜ’ ಎಂದೇ ಹೇಳುತ್ತಾರೆ. ಗೆರೆಯಿಲ್ಲದ ಕಡೆಯಲ್ಲಿಯೂ ಅದರ ಹೆಸರು ನಿಂತಿದೆ. ಎರಡನೆಯ ಅಕ್ಷರ ‘ಡೂ’. ಅದಕ್ಕೆ ಕೊಂಬು, ಕೊಂಬಿಗೆ ಇಳಿ. ಮೂರನೆಯದಾದ ‘ರು’ವಿಗೆ ಬರಿಯ ಕೊಂಬು. ಅಕ್ಷರದ ಬಲಗಡೆಯಿಂದ ಹೊರಟು ಮೇಲಕ್ಕೆ ಬಾಗಿರುವ ಈ ಗುರುತಿಗೆ ಕೊಂಬೆಂದು ಹೆಸರಿಟ್ಟವರು ದನಕರುಗಳೊಡನೆ ಬಾಳಿದ ಜನ. ಅಜ್ಜಂಪುರದಲ್ಲಿ ಅಮೃತಮಹಲ್ ತಳಿಯ ರಾಸುಗಳ ಸಂವರ್ಧನ ಕೇಂದ್ರವಿದೆ. ಮೈಸೂರು ಅರಸರು ‘ಬೆಣ್ಣೆ ಚಾವಡಿ’ ಎಂಬ ಹೆಸರಿನಲ್ಲಿ ಪೋಷಿಸಿದ, ಟಿಪ್ಪುಸುಲ್ತಾನನು ‘ಅಮೃತಮಹಲ್’ ಎಂದು ಹೆಸರು ಬದಲಿಸಿದ ಈ ರಾಸುಗಳ ನೀಳವಾದ ಚೂಪುಗೊಂಬುಗಳನ್ನು ಕಂಡವರಿಗೆ ಈ ಗುರುತಿನ ಹೆಸರನ್ನು ಬೇರೆ ವಿವರಿಸಬೇಕಾಗಿಲ್ಲ.

ತರೀಕೆರೆಯಲ್ಲಿ ‘ರೀ’ ಎಂಬುದಕ್ಕೆ ಗುಡಿಸು ಮತ್ತು ದೀರ್ಘ. ಗುಡಿಸು ಎಂದೊಡನೆ ನಮಗೆ ಕಸ ಗುಡಿಸುವುದು ನೆನಪಾಗುತ್ತದೆ. ಇಲ್ಲಿ ಆ ಅರ್ಥವಿಲ್ಲ. ಗುಡಿಸು ಅಥವಾ ಗುಡುಸು ಎಂದರೆ ದುಂಡಾದುದು, ವೃತ್ತ. ಆದರೆ ಇಂದು ನಾವು ‘ಕಿ’ ಎಂದು ಬರೆಯುವಾಗ ಪೂರ್ಣವಾದ ವೃತ್ತವೆಲ್ಲಿದೆ? ಉತ್ತರ ದೊರೆಯುವುದು ಹಳೆಯ ಶಾಸನಗಳಲ್ಲಿ. ಬಾದಾಮಿ ಚಾಲುಕ್ಯರ ಕಾಲದ ಕಲ್ಬರಹಗಳಲ್ಲಿ ಇಕಾರದ ಗುರುತು ಅಕ್ಷರದ ತಲೆಯ ಮೇಲೆ ಕುಳಿತ ಒಂದು ದುಂಡು ಬಳೆಯಾಗಿದೆ. ಶತಮಾನಗಳು ಕಳೆದಂತೆ ಬರೆಯುವವರ ಕೈಯಲ್ಲಿ ಆ ಬಳೆ ಸಡಿಲಗೊಂಡು ಅಕ್ಷರದ ಮೈಗೆ ಅಂಟಿಕೊಂಡಿತು. ಆಕಾರ ಮಾಸಿದರೂ ಹೆಸರು ಮಾಸಲಿಲ್ಲ. ಕಲ್ಲಿನಲ್ಲಿ ಕಾಣುವ ವೃತ್ತವನ್ನು ಕಾಗುಣಿತ ಹೇಳುವ ಮಗುವಿನ ನಾಲಗೆ ಇಂದಿಗೂ ಕಾಪಾಡಿಕೊಂಡು ಬಂದಿದೆ. ಇನ್ನು ‘ಕೆ’, ‘ರೆ’ ಎಂಬ ಅಕ್ಷರಗಳಿಗೆ ಬಂದಿರುವುದು ಎತ್ವ. ಮನುಷ್ಯತ್ವ, ಗುರುತ್ವ ಎಂಬ ಮಾತುಗಳಲ್ಲಿರುವ ‘ತ್ವ’ ಪ್ರತ್ಯಯವೇ ಇಲ್ಲಿಯೂ ಇದೆ. ‘ಎ’ ಆಗಿರುವಿಕೆಯೇ ಎತ್ವ.

ಅಜ್ಜಂಪುರದ ‘ಜ್ಜ’ ಎಂಬುದು ಒತ್ತಕ್ಷರ. ಮೇಲಿನ ಅಕ್ಷರಕ್ಕೆ ಒತ್ತಿಕೊಂಡಂತೆ ಅದರ ಅಡಿಯಲ್ಲಿ ನಿಲ್ಲುವುದರಿಂದ ಎರಡನೆಯದಕ್ಕೆ ಒತ್ತು ಎಂಬ ಹೆಸರು ಸಾರ್ಥಕವಾಗಿದೆ. ಅದರ ಮುಂದಿನ ಬಿಂದುವಿಗೆ ಎರಡೂ ಬಗೆಯ ಹೆಸರುಗಳುಂಟು. ಶೂನ್ಯ ಎಂಬುದರ ತದ್ಭವವಾದ ಸೊನ್ನೆ ಅದರ ದುಂಡಾದ ರೂಪವನ್ನು ಹೇಳುತ್ತದೆ. ಅನುಸ್ವಾರ ಎಂಬುದು ಅದರ ಧ್ವನಿಯನ್ನು ಹೇಳುತ್ತದೆ. ಮುಂದೆ ಪಕಾರ ಬಂದಿರುವುದರಿಂದ ಅಜ್ಜಂಪುರದ ಸೊನ್ನೆಯನ್ನು ನಾವು ಮಕಾರದಂತೆ ಉಚ್ಚರಿಸುತ್ತೇವೆ. ‘ಶಂಖ’ ಎಂಬಲ್ಲಿಯ ಸೊನ್ನೆ ಹಾಗಿಲ್ಲ. ಗಣಿತದಲ್ಲಿ ಬೆಲೆಯಿಲ್ಲದ ಸೊನ್ನೆ ಬರವಣಿಗೆಯಲ್ಲಿ ನೆರೆಯ ಅಕ್ಷರಕ್ಕೆ ತಕ್ಕಂತೆ ಬೆಲೆ ಪಡೆಯುತ್ತದೆ.

ಅಮೃತಪುರ, ಅಮೃತಮಹಲ್ ಎಂಬ ಮಾತುಗಳಲ್ಲಿ ಮಕಾರಕ್ಕೆ ಬಂದಿರುವುದು ವಟ್ರಸುಳಿ. ನೀರಿನಲ್ಲಿ ಕಾಣುವ ಸುಳಿ, ನೆತ್ತಿಯ ಕೂದಲಿನ ಸುಳಿ, ಬಾಳೆಯ ಸುಳಿ ಇವೆಲ್ಲ ನಮಗೆ ತಿಳಿದವೇ. ಸುತ್ತಿಕೊಂಡಿರುವ ಈ ಗುರುತೂ ಅಂತಹ ಒಂದು ಸುಳಿ. ಕರ್ನಾಟಕ ಎಂಬಲ್ಲಿ ನಕಾರಕ್ಕೆ ಅರ್ಕಾವೊತ್ತು ಬಂದಿದೆ. ‘ಅರ್ಕ’ ಎಂಬ ಮಾತನ್ನು ಬರೆಯಲು ಆ ಗುರುತೇ ಬೇಕು. ಹೆಸರಿನಲ್ಲಿಯೇ ಉದಾಹರಣೆಯೂ ಸೇರಿಕೊಂಡಿದೆ. ಒಂದೇ ವ್ಯಂಜನವು ಸ್ವರಗಳೊಡನೆ ಕೂಡಿ ಹಲವಾಗುವುದರಿಂದ ಈ ಸಾಲಿಗೆ ಗುಣಿತ, ಎಂದರೆ ಗುಣಿಸಿದುದು ಎಂದು ಹೆಸರು. ಕಕಾರದಿಂದ ಮೊದಲಾಗುವುದರಿಂದ ಅದು ಕಾಗುಣಿತವಾಯಿತು.

ನೆರೆಯ ತೆಲುಗಿನ ಮಕ್ಕಳು ತಮ್ಮ ಗುಣಿತವನ್ನು ಹೇಳುವಾಗ ತಲಕಟ್ಟು, ಗುಡಿ, ಕೊಮ್ಮು, ವಟ್ರುಸುಡಿ, ಸುನ್ನ ಎನ್ನುತ್ತಾರೆ. ಕೊಮ್ಮು ಎಂದರೆ ತೆಲುಗಿನಲ್ಲಿ ಕೊಂಬು. ಸುಡಿ ಎಂದರೆ ಸುಳಿ. ಕನ್ನಡಕ್ಕೂ ತೆಲುಗಿಗೂ ಒಂದು ಕಾಲದಲ್ಲಿ ಲಿಪಿ ಒಂದೇ ಆಗಿತ್ತೆಂದು ಶಾಸನಗಳನ್ನು ನೋಡಿ ವಿದ್ವಾಂಸರು ಹೇಳುತ್ತಾರೆ. ಶಾಸನಗಳನ್ನು ಕಾಣದ ಮಕ್ಕಳ ಬಾಯಿಪಾಠವೂ ಅದಕ್ಕೆ ಸಾಕ್ಷಿಯಾಗಿದೆ.

ಅಕ್ಷರಕ್ಕೆ ಅರ್ಥವುಳ್ಳ ಹೆಸರನ್ನಿಡುವ ಈ ವಾಡಿಕೆ ನಮ್ಮ ನಾಡಿಗೆ ಮಾತ್ರ ಸೀಮಿತವಾದುದಲ್ಲ. ಪಶ್ಚಿಮ ಏಷ್ಯದ ಫಿನೀಷಿಯನರು ತಮ್ಮ ಮೊದಲ ಅಕ್ಷರವನ್ನು ‘ಆಲೆಫ್’ ಎಂದು ಕರೆದರು. ಆಲೆಫ್ ಎಂದರೆ ಎತ್ತು. ಎತ್ತಿನ ತಲೆಯ ಚಿತ್ರದಿಂದಲೇ ಆ ಅಕ್ಷರ ಹುಟ್ಟಿತು. ಎರಡನೆಯದು ‘ಬೇತ್’, ಎಂದರೆ ಮನೆ. ಗ್ರೀಕರು ಆ ಅಕ್ಷರಗಳನ್ನು ಪಡೆದು ಆಲ್ಫಾ, ಬೀಟಾ ಎಂದರು. ಗ್ರೀಕ್ ಭಾಷೆಯಲ್ಲಿ ಆ ಮಾತುಗಳಿಗೆ ಅಕ್ಷರದ ಹೆಸರೆಂಬುದನ್ನು ಬಿಟ್ಟು ಬೇರೆ ಅರ್ಥವಿಲ್ಲ. ಅರ್ಥ ಹಿಂದೆ ಉಳಿಯಿತು. ಹೆಸರು ಮಾತ್ರ ಕಡಲು ದಾಟಿತು.

ಇದಕ್ಕಿಂತಲೂ ಕುತೂಹಲಕರವಾದುದು ಯೂರೋಪಿನ ಪಶ್ಚಿಮದ ಅಂಚಿನಲ್ಲಿರುವ ಐರ್ಲೆಂಡ್ ದ್ವೀಪದ ಓಗಮ್ ಲಿಪಿ. ನೆರೆಯ ಹಾಸನ ಜಿಲ್ಲೆಯ ಹಲ್ಮಿಡಿಯಲ್ಲಿ ಕನ್ನಡದ ಪ್ರಸಿದ್ಧವಾದ ಪ್ರಾಚೀನ ಶಾಸನವನ್ನು ಕೆತ್ತಿದ ಕಾಲ ಸುಮಾರು ಕ್ರಿ.ಶ. 450 ಎನ್ನುತ್ತಾರೆ. ಅದೇ ಶತಮಾನದಲ್ಲಿ ಐರ್ಲೆಂಡಿನ ಜನರೂ ಕಲ್ಲುಗಳ ಮೇಲೆ ತಮ್ಮ ಹಿರಿಯರ ಹೆಸರುಗಳನ್ನು ಕೆತ್ತುತ್ತಿದ್ದರು. ಅವರ ಅಕ್ಷರಗಳು ಬಹು ಸರಳವಾದವು. ನೆಟ್ಟ ಕಲ್ಲಿನ ಅಂಚನ್ನೇ ನಡುಗೆರೆಯಾಗಿ ಮಾಡಿಕೊಂಡು, ಅದರ ಒಂದು ಪಕ್ಕಕ್ಕೆ, ಇನ್ನೊಂದು ಪಕ್ಕಕ್ಕೆ, ಅಥವಾ ಅಡ್ಡಲಾಗಿ ಒಂದರಿಂದ ಐದರವರೆಗೆ ಗೀಟುಗಳನ್ನು ಕೊರೆದರೆ ವ್ಯಂಜನಗಳಾದುವು. ಅಂಚಿನ ಮೇಲೆಯೇ ಕಚ್ಚು ಹಾಕಿದರೆ ಸ್ವರಗಳಾದುವು. ಇಂತಹ ಸುಮಾರು 400 ಬರಹಗಳು ಇಂದಿಗೂ ಉಳಿದಿವೆ.

ಓಗಮ್ ಲಿಪಿಯಲ್ಲಿ ಮೊದಲಿಗೆ ಇದ್ದ ಅಕ್ಷರಗಳು 20. ಅವನ್ನು ಐದೈದರಂತೆ ನಾಲ್ಕು ಕುಲಗಳಾಗಿ ವಿಂಗಡಿಸಿ, ಪ್ರತಿಯೊಂದು ಕುಲವನ್ನೂ ಅದರ ಮೊದಲ ಅಕ್ಷರದ ಹೆಸರಿನಿಂದ ಕರೆದರು. ಕವರ್ಗ, ಚವರ್ಗ, ಟವರ್ಗ ಎಂದು ನಾವು ಐದೈದು ವ್ಯಂಜನಗಳನ್ನು ಗುಂಪುಮಾಡುವುದು ಇಲ್ಲಿ ನೆನಪಾಗದೆ ಇರದು. ಪ್ರತಿಯೊಂದು ಅಕ್ಷರಕ್ಕೂ ಅರ್ಥವುಳ್ಳ ಒಂದು ಹೆಸರಿತ್ತು; ಆ ಹೆಸರಿನ ಮೊದಲ ಧ್ವನಿಯೇ ಅಕ್ಷರದ ಧ್ವನಿ. ಬಕಾರದ ಹೆಸರು ‘ಬೆಥ್’, ಎಂದರೆ ನಮ್ಮ ಹಿಮಾಲಯದ ಭೂರ್ಜದ ಜಾತಿಗೆ ಸೇರಿದ ಮರ. ದಕಾರದ ಹೆಸರು ‘ದಾರ್’, ಎಂದರೆ ಓಕ್ ಮರ. ಇಂತಹ ಹೆಸರುಗಳನ್ನು ಕಂಡು ಮಧ್ಯಯುಗದ ಐರಿಷ್ ಪಂಡಿತರು ತಮ್ಮ ಅಕ್ಷರಗಳೆಲ್ಲಕ್ಕೂ ಮರಗಳ ಹೆಸರೇ ಇದೆಯೆಂದು ಬರೆದರು. ಈಚಿನ ವಿದ್ವಾಂಸರು ಒಂದೊಂದು ಹೆಸರನ್ನೂ ಪರಿಶೀಲಿಸಿ, ನಿಜವಾಗಿ ಮರಗಳ ಹೆಸರಿರುವುದು ಅರ್ಧಕ್ಕಿಂತಲೂ ಕಡಿಮೆ ಅಕ್ಷರಗಳಿಗೆ ಎಂದು ತೋರಿಸಿದ್ದಾರೆ. ‘ಗೊರ್ತ್’ ಎಂದರೆ ಹೊಲ; ‘ಊಅಥ್’ ಎಂದರೆ ಭಯ; ‘ಊರ್’ ಎಂದರೆ ಮಣ್ಣು. ಈ ಕೊನೆಯ ಮಾತನ್ನು ಕೇಳಿ, ಕಡೂರು, ಬೀರೂರುಗಳಲ್ಲಿರುವ ‘ಊರು’ ಎಂಬ ಪದವೂ ಇದೂ ಒಂದೇ ಎಂದು ಯಾರೂ ಭ್ರಮಿಸಬಾರದು. ಅದು ಆಕಸ್ಮಿಕವಾದ ಧ್ವನಿಸಾಮ್ಯ ಮಾತ್ರ. ಹೆಸರಿನ ಅರ್ಥವನ್ನು ಹುಡುಕುವವನು ಕಿವಿಗೆ ಇಂಪಾದುದನ್ನೆಲ್ಲ ನಂಬದೆ ಆಧಾರವನ್ನು ಕೇಳಬೇಕು.

ಓಗಮ್ ಕಲ್ಲುಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಪದ ‘ಮಕ್ವಿ’. ಇಂತಹವನ ಮಗನ ಕಲ್ಲು ಎಂದು ಹೇಳುವಾಗ ಬರುವ ಈ ಪದಕ್ಕೆ ‘ಮಗನ’ ಎಂದು ಅರ್ಥ. ಇದರಲ್ಲಿರುವ ‘ಕ್ವ’ ಧ್ವನಿಗೆ ‘ಕೆರ್ತ್’ ಎಂಬ ಬೇರೆ ಅಕ್ಷರವೇ ಇತ್ತು. ಕಾಲಕ್ರಮದಲ್ಲಿ ಜನರ ಮಾತಿನಲ್ಲಿ ‘ಕ್ವ’ ಹೋಗಿ ‘ಕ’ ಆಯಿತು. ‘ಮಕ್ವಿ’ ಎಂದು ಕೆತ್ತಿಸಿಕೊಂಡಿದ್ದ ಪದ ‘ಮಕ್’ ಆಗಿ, ಇಂದಿಗೂ ಅಲ್ಲಿಯ ಮನೆತನಗಳ ಹೆಸರಿನ ಮೊದಲಲ್ಲಿ ನಿಂತಿದೆ. ಮಾತಿನಲ್ಲಿ ಧ್ವನಿ ಸತ್ತ ಮೇಲೂ ಅಕ್ಷರಗಳ ಪಟ್ಟಿಯಲ್ಲಿ ಕೆರ್ತ್ ಎಂಬ ಹೆಸರು ತನ್ನ ಸ್ಥಾನವನ್ನು ಬಿಡಲಿಲ್ಲ. ಆ ಹೆಸರು ಉಳಿದಿದ್ದುದರಿಂದಲೇ, ಅಲ್ಲಿ ಒಂದು ಕಾಲಕ್ಕೆ ಬೇರೊಂದು ಧ್ವನಿಯಿತ್ತೆಂಬುದನ್ನು ತಿಳಿಯಲು ಮುಂದಿನವರಿಗೆ ದಾರಿಯಾಯಿತು.

ಕನ್ನಡದಲ್ಲಿಯೂ ಇಂತಹ ಎರಡು ಅಕ್ಷರಗಳಿವೆ. ಒಂದು ‘ಱ’, ಇನ್ನೊಂದು ‘ೞ’. ಮೊದಲನೆಯದರ ಹೆಸರು ಶಕಟರೇಫ. ಶಕಟ ಎಂದರೆ ಬಂಡಿ. ಅದರ ರೂಪ ಬಂಡಿಯನ್ನು ಹೋಲುವುದರಿಂದ ಈ ಹೆಸರು ಬಂದಿತೆಂದು ಹೇಳುವುದುಂಟು. ತೆಲುಗಿನಲ್ಲಿಯೂ ಅದನ್ನು ಬಂಡಿ ‘ರ’ ಎನ್ನುತ್ತಾರೆ. ಎರಡನೆಯದರ ಹೆಸರು ರಳ. ಹಳಗನ್ನಡದಲ್ಲಿ ಈ ಅಕ್ಷರಗಳಿಗೆ ಬೇರೆ ಬೇರೆ ಧ್ವನಿಗಳಿದ್ದುವು. ‘ಅರಿ’ ಎಂದರೆ ಕತ್ತರಿಸು. ‘ಅಱಿ’ ಎಂದರೆ ತಿಳಿ. ಇಂದು ಎರಡನ್ನೂ ‘ಅರಿ’ ಎಂದೇ ಬರೆಯುತ್ತೇವೆ. ಮೞೆ, ಬಾೞೆ, ಕೋೞಿ ಎಂದಿದ್ದುವು ಮಳೆ, ಬಾಳೆ, ಕೋಳಿ ಆಗಿವೆ. ನೀರು ನಿಲ್ಲಿಸಿದ ಕೆರೆಯನ್ನು ಹಿಂದಿನವರು ‘ಕೆಱೆ’ ಎಂದು ಬರೆದರು. ಹೊಯ್ಸಳರ ಕಾಲದ ಶಾಸನಗಳಲ್ಲಿ ಈ ರೂಪ ಕಾಣುತ್ತದೆ. ಆದುದರಿಂದ ತರೀಕೆರೆಯ ಕೊನೆಯ ಅಕ್ಷರದಲ್ಲಿಯೂ, ಕಡೂರು ಸೀಮೆಯ ಅಯ್ಯನಕೆರೆ, ಮದಗದಕೆರೆ ಎಂಬ ಹೆಸರುಗಳಲ್ಲಿಯೂ, ಕಣ್ಮರೆಯಾದ ಶಕಟರೇಫ ಮೌನವಾಗಿ ಕುಳಿತಿದೆ.

ಈ ಅಕ್ಷರಗಳ ಕಥೆಗೂ ತರೀಕೆರೆಗೂ ಇನ್ನೊಂದು ನಂಟಿದೆ. ತರೀಕೆರೆ ತಾಲ್ಲೂಕಿನ ಅಮೃತಪುರದಲ್ಲಿ ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ದಂಡನಾಯಕನಾದ ಅಮೃತನು 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯವಿದೆ. ಅಲ್ಲಿಯ ದೊಡ್ಡ ಶಾಸನದ ಪದ್ಯಗಳನ್ನು ರಚಿಸಿದವನು, ಮುಂದೆ 1209ರಲ್ಲಿ ‘ಯಶೋಧರಚರಿತೆ’ಯನ್ನು ಬರೆದ ಕವಿ ಜನ್ನ. ಈ ಜನ್ನನ ಸೋದರಳಿಯನೇ ಕೇಶಿರಾಜ. ಕೇಶಿರಾಜನು ಸುಮಾರು 1260ರಲ್ಲಿ ಬರೆದ ‘ಶಬ್ದಮಣಿದರ್ಪಣ’ ಹಳಗನ್ನಡದ ಪ್ರಮಾಣಭೂತವಾದ ವ್ಯಾಕರಣ. ಅದರಲ್ಲಿ ಅವನು ಅಕ್ಷರಗಳ ವಿಚಾರವನ್ನು ಮೊದಲು ಎತ್ತಿಕೊಂಡು, ಯಾವ ಯಾವ ಪದಗಳಲ್ಲಿ ರಳವಿದೆಯೆಂಬುದನ್ನು ಪಟ್ಟಿಮಾಡಿ ಹೇಳಿದ್ದಾನೆ. ಎಲ್ಲರಿಗೂ ತಿಳಿದ ಸಂಗತಿಯನ್ನು ಯಾರೂ ಪಟ್ಟಿಮಾಡುವುದಿಲ್ಲ. ಆ ವೇಳೆಗೆ ಜನರು ರಳಕ್ಕೂ ಳಕಾರಕ್ಕೂ ಇರುವ ಭೇದವನ್ನು ಮರೆಯುತ್ತಿದ್ದುದರಿಂದಲೇ ಅವನಿಗೆ ಆ ಶ್ರಮ ಅಗತ್ಯವಾಗಿ ಕಂಡಿರಬೇಕು. ಧ್ವನಿಯನ್ನು ಉಳಿಸಲು ಅವನಿಂದ ಆಗಲಿಲ್ಲ. ಆದರೆ ಹೆಸರನ್ನೂ ಪಟ್ಟಿಯನ್ನೂ ಅವನು ಉಳಿಸಿಕೊಟ್ಟುದರಿಂದ ಇಂದು ನಾವು ಹಳಗನ್ನಡ ಕಾವ್ಯಗಳನ್ನು ತಪ್ಪಿಲ್ಲದೆ ಓದಬಲ್ಲೆವು.

ಹೆಸರು ಮರೆತರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಾಲದಲ್ಲಿಯೇ ಒಂದು ನಿದರ್ಶನವಿದೆ. ಜಗತ್ತಿನ ಲಿಪಿಗಳಿಗೆಲ್ಲ ಗಣಕಯಂತ್ರದಲ್ಲಿ ಸ್ಥಾನ ಕಲ್ಪಿಸಿರುವ ಸಂಕೇತಗಳ ಪಟ್ಟಿಗೆ ಯೂನಿಕೋಡ್ ಎಂದು ಹೆಸರು. ಅದರಲ್ಲಿ ನಮ್ಮ ರಳಕ್ಕೂ ಒಂದು ಸ್ಥಾನ ದೊರೆತಿದೆ. ಆದರೆ ಅದರ ಹೆಸರು ಅಲ್ಲಿ ‘ಫ’ ಎಂದು ದಾಖಲಾಯಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಕೂಡದೆಂಬುದು ಆ ಪಟ್ಟಿಯ ನಿಯಮ. ಆದುದರಿಂದ ಅದು ತಪ್ಪೆಂದು ಒಪ್ಪಿಕೊಂಡು, ಸರಿಯಾದ ಹೆಸರನ್ನು ಪಕ್ಕದಲ್ಲಿ ಸೂಚಿಸಿ, ತಪ್ಪು ಹೆಸರನ್ನೂ ಹಾಗೆಯೇ ಉಳಿಸಿಕೊಂಡಿದ್ದಾರೆ. ಏಳುನೂರು ವರ್ಷಗಳ ಹಿಂದೆ ಕೇಶಿರಾಜನು ಯಾವ ಅಕ್ಷರವನ್ನು ಅಷ್ಟು ಎಚ್ಚರದಿಂದ ವಿವರಿಸಿದನೋ ಅದೇ ಅಕ್ಷರ ಇಂದು ಲೋಕದ ಪಟ್ಟಿಯಲ್ಲಿ ಪರರ ಹೆಸರನ್ನು ಹೊತ್ತು ನಿಂತಿದೆ.

ನಮ್ಮ ಹಳ್ಳಿಗಳಲ್ಲಿ ಶಾಸನಗಳಿಗೆ ಕೊರತೆಯಿಲ್ಲ. ಬಿ. ಎಲ್. ರೈಸ್ ಎಂಬ ವಿದ್ವಾಂಸರು ಊರೂರುಗಳ ಶಾಸನಗಳನ್ನು ಸಂಗ್ರಹಿಸಿ, ಅಂದಿನ ಕಡೂರು ಜಿಲ್ಲೆಯವುಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ 6ನೆಯ ಸಂಪುಟವಾಗಿ 1901ರಲ್ಲಿ ಪ್ರಕಟಿಸಿದರು. ಕೆರೆ ಕಟ್ಟಿಸಿದವರ, ದಾನ ಕೊಟ್ಟವರ, ಊರಿಗಾಗಿ ಹೋರಾಡಿ ಮಡಿದವರ ಹೆಸರುಗಳು ಇಂತಹ ಕಲ್ಲುಗಳಲ್ಲಿವೆ. ಓದಬಲ್ಲವರಿಲ್ಲದ ಕಡೆಯಲ್ಲಿ ಶಾಸನದ ಕಲ್ಲು ಬಟ್ಟೆ ಒಗೆಯುವ ಚಪ್ಪಡಿಯಾಗುತ್ತದೆ, ಇಲ್ಲವೆ ಮೋರಿಯ ಹಾಸುಗಲ್ಲಾಗುತ್ತದೆ. ಅದನ್ನು ಹಾಗೆ ಬಳಸಿದವರನ್ನು ದೂರಿ ಫಲವಿಲ್ಲ. ಅಕ್ಷರದ ಗುರುತು ಸಿಕ್ಕದ ಕಣ್ಣಿಗೆ ಶಾಸನವೂ ಬರಿಯ ಕಲ್ಲೇ.

ಆದುದರಿಂದ ವಿದ್ಯಾರ್ಥಿಗಳು ತಮ್ಮ ಊರಿನ ಗುಡಿಯ ಮುಂದೆಯೋ ಕೆರೆಯ ಏರಿಯ ಮೇಲೆಯೋ ಶಾಸನವೊಂದನ್ನು ಕಂಡಾಗ ಅದಕ್ಕೆ ಸುಣ್ಣ ಬಳಿಯದೆ, ಅದನ್ನು ಕೆರೆಯದೆ, ಒಂದು ಕ್ಷಣ ನಿಂತು ನೋಡಬೇಕು. ಮೊದಮೊದಲು ಏನೂ ತಿಳಿಯದು. ಆಗ ಒಂದನೆಯ ತರಗತಿಯ ಪಾಠವನ್ನು ನೆನೆದು, ತಲೆಕಟ್ಟೆಲ್ಲಿ, ಗುಡಿಸೆಲ್ಲಿ, ಕೊಂಬೆಲ್ಲಿ, ಸೊನ್ನೆಯೆಲ್ಲಿ ಎಂದು ಹುಡುಕಬೇಕು. ಒಂದು ಬಳೆ ಕಂಡರೆ ಅದು ಗುಡಿಸು. ಬಂಡಿಯಂತಹ ರೂಪ ಕಂಡರೆ ಅದು ಶಕಟರೇಫ. ಹೀಗೆ ಒಂದೊಂದೇ ಗುರುತನ್ನು ಹೆಸರು ಹಿಡಿದು ಕರೆಯುತ್ತ ಹೋದರೆ ಕಲ್ಲು ನಿಧಾನವಾಗಿ ಮಾತನಾಡತೊಡಗುತ್ತದೆ. ಹೆಸರಿಟ್ಟವರು ಯಾರೆಂಬುದು ನಮಗೆ ತಿಳಿಯದು. ಅವರು ಕೊಟ್ಟ ಹೆಸರುಗಳನ್ನು ಅರ್ಥಸಹಿತವಾಗಿ ಮುಂದಿನವರಿಗೆ ತಲಪಿಸುವ ಹೊಣೆ ಮಾತ್ರ ನಮ್ಮದು.